ಹಾಲಿನ ಸಮುದ್ರಕ್ಕೆ ದಾರಿಯಿದ್ದ ಬಾವಿ

ಬೋರ್‌ವೆಲ್ ಲಾರಿಗಳು ಇನ್ನೂ ನಮ್ಮ ಕಡೆಗೆ ತಲೆ ಹಾಕಿರಲಿಲ್ಲ. ಊರಿಗೊಂದು ಈಜುವ ಬಾವಿ ಇದ್ದ ಕಾಲ ಅದು. ಕೊಡಿಗೇನಹಳ್ಳಿಯಿಂದ ಮೂರು ಮೈಲಿ ಒಳಗಿದ್ದ ನಮ್ಮೂರಿನಲ್ಲಿ ಬೇಸಿಗೆ ರಜ ಬಂತೆಂದರೆ, ಬೆಳಿಗ್ಗೆ ಅಂಬಲಿ ಕುಡಿದು ಹೋದ ಮಕ್ಕಳು ಮಧ್ಯಾಹ್ನದ ಮುದ್ದೆಯ ಹೊತ್ತಿಗೇ ಮನೆಗೆ ಬರುತ್ತಿದ್ದುದು. ಕಣ್ಣು ಕೆಂಪಗೆ, ಬೆರಳು ಸುಕ್ಕುಸುಕ್ಕು, ಮೈಯೆಲ್ಲ ಪಾಚಿ ವಾಸನೆ. ಬೆನ್ನಿಗೆ ಕತ್ತಾಳೆ ಬೆಂಡು ಕಟ್ಟಿಸಿಕೊಂಡು ಮೆಟ್ಟಿಲ ಮೇಲೆ ನಡುಗುತ್ತಾ ನಿಂತಿದ್ದಾಗ, ಹಿಂದಿನಿಂದ ಯಾರೋ ತಳ್ಳಿ, ಮೂಗಿಗೆ ನೀರು ನುಗ್ಗಿ, ನೆತ್ತಿಯವರೆಗೂ ಉರಿದದ್ದು ನಿಮಗೂ ನೆನಪಿರಬಹುದು. ನನಗೆ ಆ ಒಂದು ಬೇಸಿಗೆ ನೆನಪಾದರೆ ಈಗಲೂ ಮೊದಲು ಸಿಟ್ಟೇ ಬರುತ್ತದೆ. ಅಳು ಆಮೇಲೆ.

ನನಗಾಗ ಹನ್ನೊಂದು ವರ್ಷ, ತಮ್ಮ ತಿಮ್ಮನಿಗೆ ಏಳು. ನಮ್ಮಿಬ್ಬರಿಗಿಂತ ದೊಡ್ಡವನು ನಾಗರಾಜ, ನಮ್ಮ ನಾಗಣ್ಣ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವನಿಗೆ ಕಾಮಾಲೆಯಾಯಿತು. ಸೊಪ್ಪಿನ ಔಷಧಿ ಆಯಿತು, ಪಥ್ಯ ಆಯಿತು, ಕೊನೆಗೆ ಬಸ್ಸಿನಲ್ಲಿ ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಅವನು ನಡೆದು ವಾಪಸು ಬರಲಿಲ್ಲ. ಹದಿಮೂರು ತುಂಬಿರಲಿಲ್ಲ.

ಕಾಯಿಲೆ ಜೋರಾದಾಗ ತಿಮ್ಮನನ್ನು ಕೊರಟಗೆರೆಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಮಣ್ಣು ಮಾಡಿದ್ದು, ತಿಥಿ ಮಾಡಿದ್ದು ಯಾವುದನ್ನೂ ಅವನು ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಚಿಕ್ಕಪ್ಪ ತಂದು ಬಿಟ್ಟು ಹೋದ. ತಿಮ್ಮ ಬಂದವನೇ ಬಟ್ಟೆ ಚೀಲ ಬಾಗಿಲಲ್ಲಿ ಎಸೆದು ಕೇಳಿದ, "ನಾಗಣ್ಣ ಎಲ್ಲೋದ?"

ಅವ್ವ ಎದ್ದು ಕೊಟ್ಟಿಗೆಗೆ ಹೋದಳು. ಅಪ್ಪ ಜೇಬಿನಲ್ಲಿ ಇಲ್ಲದ ಬೀಡಿಕಟ್ಟನ್ನು ಹುಡುಕಿದ. ರಾಗಿ ಕೇರುತ್ತಿದ್ದ ಅಜ್ಜಿ ಮೊರದಿಂದ ತಲೆ ಎತ್ತದೆ ಅಂದಳು, "ಸಮುದ್ರಕ್ಕೋಗವ್ನೆ ಕಣಪ್ಪ."

ಬೇರೆ ಮಕ್ಕಳಾಗಿದ್ದರೆ ಅಷ್ಟಕ್ಕೆ ಸುಮ್ಮನಾಗುತ್ತಿದ್ದರೇನೋ. ತಿಮ್ಮ ಒಂದು ಪ್ರಶ್ನೆ ಕೇಳಿದರೆ ಅದರ ಬಾಲ ಹಿಡಿದು ಇನ್ನೊಂದು ಎಳೆಯುವ ಜಾತಿ.

"ಯಾವ್ ಸಮುದ್ರ?"

"ಏಳು ಅವೆ ಕಣ್ಲಾ. ಉಪ್ಪುನೀರಿಂದು, ಕಬ್ಬಿನ ಹಾಲಿಂದು, ಹೆಂಡದ್ದು, ತುಪ್ಪದ್ದು, ಮೊಸರಿಂದು, ಹಾಲಿಂದು, ಸೀನೀರಿಂದು. ನಿಮ್ಮಣ್ಣ ಹಾಲಿಂದ್ರಾಗವ್ನೆ. ಅಲ್ಲಿ ಗಂಗಮ್ಮನ ಮನೆ ಐತೆ, ಹಿತ್ತಾಳೆ ಬಾಗ್ಲು. ಚೆನ್ನಾಗ್ ಈಜೋ ಹುಡುಗ್ರನ್ನ ಅವಳು ಕರ್ಸ್ಕಂತಾಳೆ."

"ಹೆಂಗೋದ? ಬಸ್ಸಲ್ಲಾ?"

"ಬಸ್ಸೆಲ್ಲೋಯ್ತದೆ ಅಲ್ಲಿಗೆ! ನೀರೆಲ್ಲ ಒಂದೇ ಅಲ್ವೇನ್ಲಾ? ಬಾವಿ ಸೆಲೆ ಹಿಡ್ಕಂಡು ಹೋದ್ರೆ ಸಮುದ್ರವೇ."

ನಮ್ಮ ಅಜ್ಜಿ ಹಿಂದೂಪುರದ ಸಂತೆಯಿಂದ ಆಚೆಗೆ ಹೋದವಳಲ್ಲ. ನಮ್ಮ ಮನೆಯಲ್ಲಿ ಯಾರೊಬ್ಬರೂ ಸಮುದ್ರ ನೋಡಿರಲಿಲ್ಲ. ಆದರೂ ಅಗಸ್ತ್ಯರು ಸಮುದ್ರವನ್ನು ಒಂದೇ ಬೊಗಸೆಯಲ್ಲಿ ಕುಡಿದದ್ದು, ದೇವತೆಗಳು ಕಡೆದದ್ದು ಎಲ್ಲವನ್ನೂ ಪಕ್ಕದ ಬೀದಿಯ ಜಗಳದ ಹಾಗೆ ಹೇಳುತ್ತಿದ್ದಳು. ಅವತ್ತು ಒಂದು ಮಾತಿಗೆ ಇನ್ನೊಂದು ಸೇರಿಸಿ ಹೇಳಿದ್ದನ್ನು ತಿಮ್ಮ ಗಂಟು ಕಟ್ಟಿಕೊಂಡ. ಅದರ ಹೊರೆ ಹೊತ್ತವಳು ನಾನು.

ಮಾರನೆಯ ದಿನದಿಂದಲೇ ಶುರುವಾಯಿತು. ನಮ್ಮ ಹೊಲದ ಬಾವಿ ದೊಡ್ಡದು, ಕಲ್ಲು ಕಟ್ಟಿದ್ದು, ಒಂದು ಕಡೆ ಮೆಟ್ಟಿಲು. ನಾಗಣ್ಣ ಈಜು ಕಲಿತದ್ದೂ, ನನಗೆ ಕದ್ದು ಕಲಿಸಿದ್ದೂ ಅಲ್ಲೇ. ತಿಮ್ಮ ಬಾವಿಗೆ ಹೋದಾಗಲೆಲ್ಲ ಬೊಗಸೆ ನೀರು ಬಾಯಿಗೆ ಹಾಕಿ ಚಪ್ಪರಿಸುತ್ತಿದ್ದ.

"ಉಪ್ಪಿಲ್ಲ ಕಣಕ್ಕ."

"ಬಾವಿನೀರು ಉಪ್ಪಿರ್ತದಾ? ಮುಚ್ಕಂಡು ಬಾ."

"ಹಾಲೂ ಇಲ್ಲ. ಇದು ಸೀನೀರಿಂದು. ಹಾಲಿಂದು ಇನ್ನೂ ಕೆಳಗೈತೆ ಅನ್ಸುತ್ತೆ."

ಮೊದಲ ದಿನ ನಗು ಬಂತು. ಹತ್ತನೆಯ ದಿನ ಅವನ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸಿತು. ಮನೆಯಲ್ಲಿ ಹೇಳಿದರೆ ಯಾರಿಗೂ ಕಿವಿಯಿಲ್ಲ. ನಾಗಣ್ಣನ ಹೆಸರು ಬರುವ ಮಾತೆಂದರೆ ಎಲ್ಲರಿಗೂ ಏನೋ ಒಂದು ಕೆಲಸ ನೆನಪಾಗುತ್ತಿತ್ತು. ಅವ್ವ ಮಾತ್ರ ದಿನಾ ಮಧ್ಯಾಹ್ನ ಆರು ಮುದ್ದೆ ಕಟ್ಟುತ್ತಿದ್ದಳು. ಇದ್ದವರು ಐದು ಜನ. ಆರನೆಯದು ತಟ್ಟೆಯಲ್ಲಿ ಹಬೆಯಾಡುತ್ತಾ ಕೂತಿರುತ್ತಿತ್ತು. ಸಾರು ಮುಗಿಯುವ ಹೊತ್ತಿಗೆ ಅವ್ವ ಅದನ್ನು ಎರಡು ಮಾಡಿ ಅರ್ಧ ನನ್ನ ತಟ್ಟೆಗೆ, ಅರ್ಧ ನಾಯಿಗೆ ಹಾಕುತ್ತಿದ್ದಳು. "ಹೊಟ್ಟೆ ತುಂಬೈತೆ ಕಣವ್ವ" ಅಂದರೂ ಬಿಡುತ್ತಿರಲಿಲ್ಲ. ಆ ಬೇಸಿಗೆಯಿಡೀ ನಾನು ಒಂದೂವರೆ ಮುದ್ದೆ ತಿಂದವಳು.

ಆಮೇಲೆ ಮನೆಯ ಸಾಮಾನು ಕಾಣೆಯಾಗತೊಡಗಿದವು. ಮೊದಲು ನಾಗಣ್ಣನ ಬುಗುರಿ. ಆಮೇಲೆ ಅವ್ವನ ಸೌಟು. ಬಾಚಣಿಗೆ. ಒಂದು ಹಿತ್ತಾಳೆ ಲೋಟ. ಪ್ರತಿ ಸಾರಿಯೂ "ಲೇ ಲಚ್ಚೀ, ಎಲ್ಲಿಟ್ಟೆ?" ಅಂತ ನನ್ನ ತಲೆಗೇ ಬರುತ್ತಿತ್ತು. ಪಾತ್ರೆ ಬೆಳಗುವವಳು ನಾನು, ಕಸ ಗುಡಿಸುವವಳು ನಾನು, ಕಳೆದರೆ ಕಳೆದವಳೂ ನಾನೇ.

ಒಂದು ದಿನ ಅಪ್ಪನ ಟಾರ್ಚನ್ನು ಅಂಗಿಯೊಳಗೆ ಅಡಗಿಸಿಕೊಂಡು ಹೊಲದ ಕಡೆ ಹೋಗುತ್ತಿದ್ದ ತಿಮ್ಮನ ಹಿಂದೆಯೇ ಹೋದೆ. ಬಾವಿಯ ಮೆಟ್ಟಿಲಿಳಿದು, ಟಾರ್ಚಿನ ಗುಂಡಿ ಒತ್ತಿ ಬೆಳಕು ಮಾಡಿ, ನಿಧಾನವಾಗಿ ನೀರಿಗೆ ಬಿಟ್ಟ. ಹಳದಿ ಬೆಳಕು ಒಳಗೊಳಗೇ ಇಳಿಯಿತು. ನಾನು ಓಡಿ ಹಿಡಿಯುವಷ್ಟರಲ್ಲಿ ಹಸಿರು ನೀರು ಅದನ್ನು ನುಂಗಿತ್ತು.

"ಅಯ್ಯೋ ಹಾಳಾದೋನೇ! ಅಪ್ಪ ಚರ್ಮ ಸುಲೀತಾನೆ ಕಣೋ!"

"ತಳದಾಗೆ ಕತ್ಲೆ ಅಲ್ವಾ ಅಕ್ಕ? ಅವ್ನಿಗೆ ಬಾಗ್ಲು ಕಾಣ್ಬೇಕಲ್ಲ."

"ಸೌಟೂ ನೀನೇ ಹಾಕ್ದಾ?"

"ಹಾಲು ಕುಡಿಯಕ್ಕೆ" ಎಂದ, ಇಷ್ಟೂ ತಿಳಿಯದ ಅಕ್ಕ ಸಿಕ್ಕಳಲ್ಲ ಎನ್ನುವ ಹಾಗೆ. "ಯಾರಿಗೂ ಹೇಳ್ಬೇಡ. ನಾಗಣ್ಣನಾಣೆ."

ಆ ಆಣೆ ಒಂದನ್ನು ಹಾಕದಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು. ಸತ್ತವನ ಮೇಲಿನ ಆಣೆ ಮುರಿಯಬಹುದೋ ಬಾರದೋ ಎಂದು ಕೇಳೋಣವೆಂದರೆ, ಸತ್ತ ಎನ್ನುವ ಮಾತನ್ನೇ ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಸಂಜೆ ಟಾರ್ಚು ಹುಡುಕಿ ಸುಸ್ತಾದ ಅಪ್ಪ ಹುಣಿಸೆ ಬರಲನ್ನು ಕೈಗೆ ತೆಗೆದುಕೊಂಡ. ಕಾಲ ಮೇಲೆ ನಾಲ್ಕು ಬಿದ್ದವು. ನಾನು ಬಾಯಿ ಬಿಡಲಿಲ್ಲ. ತಿಮ್ಮ ಬಾಗಿಲ ಸಂದಿಯಲ್ಲಿ ನಿಂತು ನೋಡಿ, ಆಮೇಲೆ ಬಂದು ನನ್ನ ಕಾಲಿಗೆ ಎಣ್ಣೆ ಹಚ್ಚಿ, "ನಾಗಣ್ಣ ವಾಪಸ್ ಬಂದಾಗ ಹೇಳ್ತೀನಿ ಬುಡು, ನೀನು ಹೇಳ್ಲಿಲ್ಲ ಅಂತ" ಎಂದ. ಎಣ್ಣೆ ಬಟ್ಟಲನ್ನು ಅವನ ತಲೆಗೇ ಎಸೆಯಬೇಕು ಅನ್ನಿಸಿತು.

ಅಜ್ಜಿಯನ್ನು ಹಿಡಿದುಕೊಂಡೆ. "ನೀನೇ ಹಚ್ಚಿದ್ದು, ನೀನೇ ಬುಡ್ಸು. ನಿಜ ಹೇಳು ಅವ್ನಿಗೆ."

"ಏನು ಹೇಳ್ಲಿ? ನೀನೇ ಹೇಳು ನೋಡನ" ಎಂದಳು ಅಜ್ಜಿ.

ತಿಮ್ಮನನ್ನು ಎದುರಿಗೆ ಕೂರಿಸಿಕೊಂಡೆ. ಬಾಯಿ ತೆರೆದೆ. "ಮೂಗು ಒರ್ಸ್ಕೋ" ಎಂದಷ್ಟೇ ಬಂತು.

ಯುಗಾದಿ ಕಳೆದ ಮೇಲೆ ನಮ್ಮ ಬಾವಿಯಲ್ಲಿ ಕಲ್ಲು ಎತ್ತುವ ಪಂದ್ಯ ನಡೆಯುತ್ತಿತ್ತು. ಮೇಲಿನ ಬೀದಿ ಹುಡುಗರು ಒಂದು ಕಡೆ, ಕೆಳಗಿನ ಬೀದಿಯವರು ಒಂದು ಕಡೆ. ಸುಣ್ಣ ಬಳಿದ ಏಳು ಕಲ್ಲುಗಳನ್ನು ಬಾವಿಗೆ ಎಸೆಯುವುದು, ಮುಳುಗಿ ಯಾರು ಹೆಚ್ಚು ತರುತ್ತಾರೋ ಅವರು ಗೆದ್ದ ಹಾಗೆ. ಕತ್ತಲೆಯ ತಳದಲ್ಲಿ ಬಿಳುಪು ಕಾಣಲೆಂದು ಸುಣ್ಣ. ಗೆದ್ದ ಕಡೆಯಲ್ಲಿ ಹೆಚ್ಚು ಕಲ್ಲು ತಂದವನಿಗೆ ಬಾಗಿನದ ಹಾಗೆ ಮೊರ ತುಂಬ ಹುರಿಗಡಲೆ, ಕೊಬ್ಬರಿ ಚೂರು. ಹಿಂದಿನ ಮೂರು ವರ್ಷವೂ ಆ ಮೊರ ನಮ್ಮ ಮನೆಗೇ ಬಂದಿತ್ತು. ನಾಗಣ್ಣ ಒಂದೇ ಉಸಿರಿಗೆ ಎರಡು ಕಲ್ಲು ತರುತ್ತಿದ್ದ. ಬಗಲಲ್ಲೊಂದು, ಕೈಯಲ್ಲೊಂದು.

ಆ ವರ್ಷ ನಮ್ಮ ಬೀದಿಯ ಓಬಳಪ್ಪಮಾವ ಪಂದ್ಯ ನಡೆಸುವವನು. ಅವನ ಮನೆಮಾತು ತೆಲುಗು, ಬೈಗುಳ ಎರಡು ಭಾಷೆಯದ್ದು. ಬೆಳಿಗ್ಗೆಯೇ ಸುಣ್ಣ ಬಳಿದು ಒಣಗಿಸಬೇಕಾಗಿದ್ದವನು ಮರೆತು, ಬಾವಿಯ ಹತ್ತಿರವೇ ದಪ್ಪಗೆ ಮೆತ್ತಿ ಹಸಿ ಹಸಿಯಾಗಿಯೇ ಎಸೆದ. ನೀರಿನೊಳಗೆ ಬಿಳಿ ಹೊಗೆ ಎದ್ದ ಹಾಗಾಯಿತು.

"ಏಮಿ ಮಾವ, ಇದು ಕಲ್ಲಾ, ದೋಸೆ ಹಿಟ್ಟಾ?" ಎಂದು ಯಾವನೋ ಕೂಗಿದ. ಎಲ್ಲರೂ ನಕ್ಕರು.

ತಿಮ್ಮ ಪಂದ್ಯಕ್ಕೆ ಸೇರಿದವನಲ್ಲ. ಬೆಂಡು ಇನ್ನೂ ಬಿಟ್ಟಿರಲಿಲ್ಲ. ನಾಗಣ್ಣನ ಹಳೆಯ ಬೆಂಡನ್ನೇ ಬೆನ್ನಿಗೆ ಕಟ್ಟಿಕೊಂಡು ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಿದ್ದ. ಹುಡುಗರು ದಬದಬ ಹಾರಿದರು, ಎದ್ದರು, ಉಗುಳಿದರು, "ಏನೂ ಕಾಣ್ತಿಲ್ಲ ಕಣ್ರೋ" ಎಂದರು. ನಾನು ಅವರನ್ನು ನೋಡುತ್ತಾ ಹುರಿಗಡಲೆ ಬಾಯಿಗೆ ಹಾಕಿಕೊಂಡೆ. ತಿರುಗಿದೆ. ಬೆಂಡು ಮೆಟ್ಟಿಲ ಮೇಲಿತ್ತು. ತಿಮ್ಮ ಇರಲಿಲ್ಲ.

ಉಟ್ಟ ಲಂಗದಲ್ಲೇ ಹಾರಿದೆ. ಕಣ್ಣು ಬಿಟ್ಟರೆ ಬರೀ ಬಿಳುಪು, ಕಣ್ಣು ಉರಿ. ಲಂಗ ಕಾಲಿಗೆ ಸುತ್ತಿಕೊಂಡಿತು. ಗೋಡೆ ತಡಕಿಕೊಂಡು ಇಳಿದೆ, ಕೈಗೆ ಕೂದಲು ಸಿಕ್ಕಿತು. ಎಳೆದೆ. ಬರಲಿಲ್ಲ. ನೀರೊಳಗೆ ಮುಳುಗಿದ್ದ ಮೆಟ್ಟಿಲ ಕಲ್ಲನ್ನು ಅವನು ಎರಡು ಕೈಯಲ್ಲೂ ತಬ್ಬಿ ಹಿಡಿದಿದ್ದ. ಕೈ ಬಿಡಿಸಿ, ಕೂದಲು ಹಿಡಿದು, ಹೇಗೆ ಮೇಲೆ ತಂದೆನೋ ಗೊತ್ತಿಲ್ಲ. ಓಬಳಪ್ಪಮಾವ ಎಳೆದು ಮೆಟ್ಟಿಲಿಗೆ ಹಾಕಿ ಬೆನ್ನು ಗುದ್ದಿದ. ತಿಮ್ಮ ನೀರು ಕಕ್ಕಿದ, ಕೆಮ್ಮಿದ, ಉಸಿರು ಬಂದ ತಕ್ಷಣ ನನ್ನ ಮೇಲೇ ಬಿದ್ದ.

"ಯಾಕೇ ಎಳ್ದೆ? ಹಾಲು ಬಂದ್ಬುಟ್ಟಿತ್ತು! ಇನ್ನೊಂಚೂರು ಕಾದಿದ್ರೆ ಬಾಗ್ಲು ತೆಗೀತಿದ್ರು! ನೀನು ಯಾವಾಗ್ಲೂ ಹಿಂಗೇಯ!"

ಕೆನ್ನೆಗೆ ಒಂದು ಬಾರಿಸಿದೆ. ಆಮೇಲೆ ಇನ್ನೊಂದು. ಓಬಳಪ್ಪಮಾವ ನನ್ನ ಕೈ ಹಿಡಿದುಕೊಂಡು, "ಹಾಲಾ? ಯಾವ ಹಾಲ್ರಾ?" ಎಂದು ನಮ್ಮಿಬ್ಬರ ಮುಖ ನೋಡಿದ. ಆ ವರ್ಷದ ಪಂದ್ಯ ಅಲ್ಲಿಗೇ ನಿಂತಿತು.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅವ್ವ ಕೈಗೆ ಮೆತ್ತಿದ್ದ ರಾಗಿಹಿಟ್ಟಿನಲ್ಲೇ ಬೀದಿಯವರೆಗೂ ಓಡಿ ಬಂದಿದ್ದಳು. ತಿಮ್ಮನ ಕೂದಲಿಗೆ ಅಂಟಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ನನಗೆ ತಡೆಯಲಾಗಲಿಲ್ಲ. ಆಣೆಯೂ ಇಲ್ಲ ಗೀಣೆಯೂ ಇಲ್ಲ ಎಂದು ಎಲ್ಲವನ್ನೂ ಒದರಿದೆ. ಸೌಟು, ಲೋಟ, ಟಾರ್ಚು, ಹಾಲಿನ ಸಮುದ್ರ. "ನಂಗೆ ಹೊಡುದ್ರಿ! ಯಾರಾದ್ರೂ ಒಬ್ರು ಅವ್ನಿಗೆ ಹೇಳ್ರಿ, ನಾಗಣ್ಣ ಎಲ್ಲವ್ನೆ ಅಂತ!"

ಅಜ್ಜಿ ಗೋಡೆ ನೋಡಿದಳು. ಅಪ್ಪ ಅಂದ, "ಹೆಂಗೂ ಹೂಳು ತುಂಬೈತೆ. ಬಾವಿ ಖಾಲಿ ಮಾಡ್ಸನ. ತಳ ನೋಡ್ಕಳ್ಲಿ ಅವ್ನೇ."

ಹೇಳಬೇಕಾದ ಒಂದು ಮಾತು ಹೇಳಲಾರದೆ ಒಂದು ಬಾವಿಯನ್ನೇ ಬಗ್ಗಡ ಸಮೇತ ಎತ್ತಿಸಿದ ಮನೆ ನಮ್ಮದು.

ಎರಡು ದಿನ ಮೋಟಾರು ಓಡಿತು. ಮೂರನೆಯ ದಿನ ಬೆಳಿಗ್ಗೆ ಆಳುಗಳು ಕೆಳಗಿಳಿದರು. ಮೇಲೆ ರಾಟೆ ಕಟ್ಟಿ ಮಂಕರಿಯಲ್ಲಿ ಕೆಸರು ಎಳೆದರು. ಕಪ್ಪು ಕೆಸರಿನ ಕೊಳೆತ ಎಲೆ ವಾಸನೆ ಹೊಲವೆಲ್ಲ ಹರಡಿತ್ತು. ಊರಿನವರ ಬಿಂದಿಗೆ, ಕಳೆದ ವರ್ಷದ ಕಲ್ಲು, ಯಾರದೋ ಒಂದು ಚಪ್ಪಲಿ ಬಂದವು. ಆಮೇಲೆ ನಮ್ಮ ಸಾಮಾನು ಬರಲು ಶುರುವಾಯಿತು. ಸೌಟು. ಲೋಟ. ಬಣ್ಣ ಹೋದ ಬುಗುರಿ. ಬಾಚಣಿಗೆಯಲ್ಲಿ ಅರ್ಧ. ಟಾರ್ಚು ಬಂದಾಗ ಅಪ್ಪ ಅದನ್ನು ಕೈಗೆ ತೆಗೆದುಕೊಂಡು, ಗುಂಡಿ ಒತ್ತಿ ನೋಡಿ, ನನ್ನ ಕಾಲು ನೋಡಿ, ಮುಖ ತಿರುಗಿಸಿಕೊಂಡ. ತಪ್ಪಾಯಿತು ಎಂದು ಮಕ್ಕಳಿಗೆ ಹೇಳುವ ಅಪ್ಪಂದಿರು ಆಗ ಎಲ್ಲಿದ್ದರು?

ತಿಮ್ಮ ಒಂದೊಂದನ್ನೂ ತೊಳೆದು ಕಲ್ಲಿನ ಮೇಲೆ ಸಾಲಾಗಿ ಇಡುತ್ತಿದ್ದ. ಪ್ರತಿ ಸಾಮಾನಿಗೂ ಅವನ ಮುಖ ಒಂದೊಂದು ಚೂರು ಸಣ್ಣದಾಗುತ್ತಿತ್ತು. "ಟಾರ್ಚೂ ತಗಂಡಿಲ್ಲ" ಎಂದ. ಅವನನ್ನು ಮಂಕರಿಯಲ್ಲಿ ಕೂರಿಸಿ ಕೆಳಗೆ ಬಿಟ್ಟರು. ತಳದ ಬಂಡೆಯಲ್ಲಿ ಸೆಲೆ ಇದ್ದ ಜಾಗವನ್ನು ಆಳು ತೋರಿಸಿದನಂತೆ. ಮೇಲೆ ಬಂದವನು ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ, "ನನ್ನ ಬೆರಳೇ ಹೋಗಲ್ಲ ಅಕ್ಕ ಅದ್ರಾಗೆ."

ಅಷ್ಟು ದಿನ ಕಾದಿದ್ದ ಮಾತು ಅದು. ಆದರೂ ನನಗೆ ಸಮಾಧಾನವಾಗಲಿಲ್ಲ.

ಕೊನೆಯ ಮಂಕರಿಯಲ್ಲಿ ಒಂದು ಬಟ್ಟೆ ಗಂಟು ಬಂತು. ಅವ್ವನ ಹಳೆಯ ಸೀರೆಯ ತುಂಡು, ಒಳಗೆ ಒಂದು ಸಣ್ಣ ಕಲ್ಲು. ಇದು ನನಗೂ ಗೊತ್ತಿರಲಿಲ್ಲ. ತಿಮ್ಮ ಹಾರಿ ಎದ್ದು ಕಿತ್ತುಕೊಂಡ, ಗಂಟನ್ನು ತಿರುಗಿಸಿ ಮುರುಗಿಸಿ ನೋಡಿದ, ಹಲ್ಲಿನಿಂದ ಬಿಚ್ಚಿದ.

"ಬೆಲ್ಲ ಇಲ್ಲ!"

"ಯಾವ ಬೆಲ್ಲ?" ಎಂದಳು ಅವ್ವ.

"ನಾನು ಬೆಲ್ಲ ಕಟ್ಟಿ ಹಾಕಿದ್ದೆ. ಒಂದು ಅಚ್ಚು. ಗಂಟು ನೋಡವ್ವ, ನಾನು ಕಟ್ದಂಗೇ ಇತ್ತು. ಬೆಲ್ಲ ಮಾತ್ರ ಇಲ್ಲ. ನಾಗಣ್ಣ ಬಿಚ್ಚಿ ತಿಂದು ಮತ್ತೆ ಹಂಗೇ ಕಟ್ಟವ್ನೆ!"

ಇದನ್ನು ಹೇಳಲೇಬೇಕು. ನಮ್ಮ ಮನೆಯಲ್ಲಿ ಬೆಲ್ಲವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಗಳುವಿಗೆ ನೇತು ಹಾಕುತ್ತಿದ್ದರು. ನಾಗಣ್ಣ ಯಾರು ಕಟ್ಟಿದ ಗಂಟನ್ನಾದರೂ ಬಿಚ್ಚಿ, ಬೆಲ್ಲ ತಿಂದು, ಅವರು ಕಟ್ಟಿದ ಹಾಗೇ ಮತ್ತೆ ಕಟ್ಟಿಡುತ್ತಿದ್ದ. ಅವ್ವನ ಗಂಟು ಬೇರೆ, ಅಜ್ಜಿಯ ಗಂಟು ಬೇರೆ, ಎರಡೂ ಅವನಿಗೆ ಬರುತ್ತಿದ್ದವು. ಗಂಟು ಹಾಗೇ ಇದ್ದು ಬೆಲ್ಲ ಕಮ್ಮಿಯಾಗುತ್ತಿದ್ದುದಕ್ಕೆ ಅವ್ವ ಇರುವೆಗಳನ್ನು ಬೈಯುತ್ತಿದ್ದಳು. ನಮ್ಮ ಬಾಯಿ ಮುಚ್ಚಿಸಲು ನಾಗಣ್ಣ ನನಗೂ ತಿಮ್ಮನಿಗೂ ಒಂದೊಂದು ಚೂರು ಕೊಡುತ್ತಿದ್ದ.

ಬೆಲ್ಲ ನೀರಲ್ಲಿ ಕರಗುತ್ತದೆ ಕಣೋ ಪೆದ್ದ. ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಏಟು, ಅಷ್ಟು ಮುದ್ದೆ ತಿಂದು, ಅಷ್ಟು ನೀರು ಕುಡಿದ ಮೇಲೆ, ಬಾವಿಯನ್ನೇ ಬರಿದು ಮಾಡಿ ತೋರಿಸಿದ ಮೇಲೂ ಮತ್ತೆ ಅಲ್ಲಿಗೇ ಬಂದು ನಿಂತನಲ್ಲ ಎಂದು ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವ್ವ ಆ ಕೆಸರು ಬಟ್ಟೆಯನ್ನು ಕೈಗೆ ತೆಗೆದುಕೊಂಡಳು.

"ನಂಗೆ ಗೊತ್ತಿತ್ತು ಕಣ್ಲಾ, ನಾಗನೇ ತಿಂತಿದ್ದ ಅಂತ" ಎಂದಳು. "ಇರುವೆ ಎಲ್ಲಾರಾ ಗಂಟು ಕಟ್ತಾವಾ? ತಿನ್ಲಿ ಅಂತ ಸುಮ್ಕಿದ್ದೆ."

ಅವನು ಹೋದ ಮೇಲೆ ಅವಳ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ನಕ್ಕಳು. ನಗುತ್ತಲೇ ಕೆಸರಿನಲ್ಲಿ ಕುಸಿದು ಕೂತು, ಬಟ್ಟೆಯನ್ನು ಬಾಯಿಗೊತ್ತಿಕೊಂಡು ಜೋರಾಗಿ ಅತ್ತಳು. ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅಪ್ಪ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಅಜ್ಜಿ ನನ್ನ ಕಡೆ ಒಂದು ನೋಟ ನೋಡಿದಳು. ನಾನು ಬೆಲ್ಲ ಕರಗುವ ಮಾತನ್ನು ನುಂಗಿಕೊಂಡೆ.

ಅವತ್ತು ಮಧ್ಯಾಹ್ನ ತಟ್ಟೆಯಲ್ಲಿ ಐದೇ ಮುದ್ದೆ ಇದ್ದವು. ತಿಮ್ಮ ಎಣಿಸಿದ. ಎಣಿಸದೆ ಬಿಡುವವನೇ?

"ಒಂದು ಕಮ್ಮಿ ಐತಲ್ಲವ್ವ."

"ಬೆಲ್ಲ ತಿಂದವ್ನಲ್ಲಪ್ಪ" ಎಂದಳು ಅವ್ವ, ಸಾರು ಬಡಿಸುತ್ತಾ. "ಹೊಟ್ಟೆ ತುಂಬಿರ್ತದೆ."

ತಿಮ್ಮ ಸ್ವಲ್ಪ ಯೋಚಿಸಿ, ಸರಿ ಎನ್ನುವ ಹಾಗೆ ತಲೆಯಾಡಿಸಿ ಮುದ್ದೆ ಮುರಿದ. ಆಮೇಲೆ ಅವನು ಬಾವಿಗೆ ಏನನ್ನೂ ಹಾಕಲಿಲ್ಲ, ನೀರು ಚಪ್ಪರಿಸಲೂ ಇಲ್ಲ. ಮುಂದಿನ ಬೇಸಿಗೆಗೆ ಬೆಂಡು ಬಿಟ್ಟು ಈಜಿದ. ಕಲ್ಲು ಎತ್ತುವುದರಲ್ಲಿ ಒಂದು ವರ್ಷವೂ ಗೆಲ್ಲಲಿಲ್ಲ.

ಆ ಬಾವಿ ಈಗ ಇದೆ, ನೀರಿಲ್ಲ. ಒಳಗಿನಿಂದ ಒಂದು ಅತ್ತಿಗಿಡ ಎದ್ದು ಬಂದಿದೆ, ಸುತ್ತ ಜಾಲಿ, ಒಳಗೆ ಪ್ಲಾಸ್ಟಿಕ್ ಕವರು. ನನ್ನ ಮೊಮ್ಮಗಳು ತುಮಕೂರಿನಲ್ಲಿ ಕನ್ನಡಕ ಹಾಕಿಕೊಂಡು ನೀಲಿ ನೀರಿನಲ್ಲಿ ಈಜು ಕಲಿಯುತ್ತಾಳೆ. ತಳ ಕಾಣುವ ನೀರು. ಅದರ ಕೆಳಗೆ ಏನಿದೆ ಎಂದು ಅವಳು ಕೇಳಿಲ್ಲ.

ತಿಮ್ಮ ಶಿರಾದಲ್ಲಿ ಲೈನ್‌ಮನ್ ಆಗಿದ್ದಾನೆ. ಮಾತು ಕಮ್ಮಿ, ಪ್ರಶ್ನೆ ಇಲ್ಲವೇ ಇಲ್ಲ. ಏನು ಹೇಳಿದರೂ "ಆಯ್ತಕ್ಕ" ಎನ್ನುತ್ತಾನೆ. ಮೊನ್ನೆ ಬಂದಿದ್ದಾಗ ಟಾರ್ಚಿನ ಮಾತು ತೆಗೆದೆ.

"ಯಾವ ಟಾರ್ಚಕ್ಕ?" ಎಂದ.

ನಾನು ಏಟು ತಿಂದ ಕಾಲು ನೋಡಿಕೊಂಡೆ. ಸೌಟು, ಸುಣ್ಣದ ನೀರು, ಮಂಕರಿ ಎಲ್ಲ ಹೇಳಿದೆ. ಬೇರೆ ಯಾರದೋ ಮನೆಯ ಕತೆ ಕೇಳುವ ಹಾಗೆ ಕೇಳಿದ. ಒಂದಾದರೂ ನೆನಪಿರಬೇಡವೇ! ರೇಗಿತು. ಕೊನೆಗೆ ಅವನು ತಲೆ ತಗ್ಗಿಸಿಕೊಂಡು, "ನಾಗಣ್ಣ ನೋಡಕ್ಕೆ ಹೆಂಗಿದ್ದ ಅಕ್ಕ? ನಂಗೆ ಮುಖಾನೇ ಬರಲ್ಲ" ಎಂದ.

ಎಷ್ಟೋ ವರ್ಷಕ್ಕೆ ಅವನು ಕೇಳಿದ ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ನಾಗಣ್ಣನ ಫೋಟೊ ಒಂದೂ ಇಲ್ಲ. ಹೇಳಲು ಹೊರಟೆ. ಬೆರಳುಗಳು ನೆನಪಾದವು, ಗಂಟು ಬಿಚ್ಚುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದುದು ನೆನಪಾಯಿತು. ಮುಖ ಹುಡುಕಿದರೆ ಸುಣ್ಣ ಮೆತ್ತಿದ ತಿಮ್ಮನ ಸಿಟ್ಟಿನ ಮುಖವೇ ಎದುರಿಗೆ ಬಂತು.

"ಇರು, ಬಂದೆ" ಎಂದು ಒಳಗೆದ್ದು ಹೋದೆ. ಬೆಲ್ಲದ ಚೂರಾದರೂ ಕೊಡೋಣವೆಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ. ಹೋದ ತಿಂಗಳು ತುಂಬಿಟ್ಟದ್ದು ಹಾಗೇ ಇತ್ತು. ಈಗ ನಮ್ಮ ಮನೆಯಲ್ಲಿ ಬೆಲ್ಲ ಕಮ್ಮಿಯಾಗುವುದೇ ಇಲ್ಲ.